ಹಾಲಮ್ಮನ ಹಗೇವು

ಭದ್ರಾವತಿಯ ಹಳೇ ಊರಿನಲ್ಲಿ, ಹೊಳೆಯ ಕಡೆಯಿಂದ ದಿಬ್ಬಕ್ಕೆ ಏರುವ ಓಣಿಯೊಂದರಲ್ಲಿ ಹಾಲಮ್ಮನ ಮನೆ ಇತ್ತು. ಆ ಮನೆಯ ಜಗಲಿಯ ಮೇಲೆ ಯಾರಾದರೂ ಕುಳಿತು ಎದ್ದುಹೋದರೆ, ಅವರು ಓಣಿಯ ತಿರುವು ದಾಟುವುದರೊಳಗೆ ಅವಳು ಆ ಜಾಗವನ್ನು ಸೆಗಣಿ ಹಾಕಿ ಸಾರಿಸಿಬಿಡುತ್ತಿದ್ದಳು. ಬಂದವರು ನೆಂಟರೇ ಆಗಲಿ, ಒಡಹುಟ್ಟಿದ ಅಣ್ಣನೇ ಆಗಲಿ, ಅದರಲ್ಲಿ ಭೇದವಿರಲಿಲ್ಲ. ಮನುಷ್ಯರು ಕುಳಿತ ಜಾಗದಲ್ಲಿ ಬೆವರಿನ ಕಮಟು ಉಳಿಯುತ್ತದೆಂದು ಅವಳ ಮೂಗು ಹೇಳುತ್ತಿತ್ತು. ಆ ಮೂಗಿನ ಮಾತನ್ನು ಮೀರುವ ಧೈರ್ಯ ಅವಳಿಗಿರಲಿಲ್ಲ.

ಸಂತೆಗೆ ಹೋದರೂ ಇದೇ ಪಾಡು. ಒಂದು ಮಡಕೆ ಕೊಳ್ಳುವುದಕ್ಕೆ ಅವಳಿಗೆ ಮೂರು ಸಂತೆ ಬೇಕಾಗುತ್ತಿತ್ತು. ಬಡಿದು ನೋಡುವಳು, ಬಿಸಿಲಿಗೆ ಹಿಡಿದು ನೋಡುವಳು, ಒಳಗೆ ಮೂಗಿಟ್ಟು ನೋಡುವಳು. ಇದರ ಬಾಯಿ ಸೊಟ್ಟ, ಅದರ ತಳ ಕಪ್ಪು, ಇನ್ನೊಂದರ ನಾದ ಸರಿಯಿಲ್ಲ. ಕುಂಬಾರಗಿತ್ತಿ ಕೊನೆಗೆ, "ಅಮ್ಮ, ನಿನಗೆ ಮಡಕೆ ಬ್ಯಾಡ, ಮದುವೆಗಂಡು ಬೇಕು ಅನ್ನಂಗೆ ನೋಡ್ತೀಯಲ್ಲ!" ಎಂದು ನಗುವಳು. ಹಾಲಮ್ಮ ನಗುತ್ತಿರಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದು ಕಾಲು ತೊಳೆದುಕೊಳ್ಳುತ್ತಿದ್ದಳು.

ಗಂಡ ಕಲ್ಲಪ್ಪ ಇದ್ದಷ್ಟು ದಿನ ಈ ಸ್ವಭಾವದಿಂದ ಯಾರಿಗೂ ನಷ್ಟವಾಗಲಿಲ್ಲ. ಮನೆಯ ದೊಡ್ಡ ಮಾತುಗಳೆಲ್ಲ ಅವನವು. ಯಾವ ಎತ್ತು ಕೊಳ್ಳಬೇಕು, ಯಾವ ಮಳೆಗೆ ಬಿತ್ತಬೇಕು ಎಂಬುದನ್ನೆಲ್ಲ ಅವನು ಎಲೆಅಡಿಕೆ ಜಗಿಯುತ್ತ ಜಗಿಯುತ್ತಲೇ ತೀರ್ಮಾನಿಸಿಬಿಡುತ್ತಿದ್ದ. ತಪ್ಪನ್ನೂ ಬೇಗ ಮಾಡುತ್ತಿದ್ದ, ಮಾಡಿದ್ದನ್ನು ಬೇಗ ಮರೆಯುತ್ತಿದ್ದ. ಆ ಅವಸರವನ್ನು ಕಂಡರೆ ಹಾಲಮ್ಮನಿಗೆ ಮೈ ಉರಿಯುತ್ತಿತ್ತು. ೧೯೩೫ನೆಯ ಇಸವಿಯ ಬೇಸಗೆಯಲ್ಲಿ, ಆ ದಿನಗಳಲ್ಲಿ ಭದ್ರಾವತಿಯನ್ನು ಬಿಡದೆ ಕಾಡುತ್ತಿದ್ದ ಚಳಿಜ್ವರ ಅವನನ್ನೂ ಕೊಂಡೊಯ್ದಿತು. ಮನೆಯಲ್ಲಿ ಉಳಿದವರು ಹಾಲಮ್ಮ, ಅವಳ ಅತ್ತೆ ಲಿಂಗಮ್ಮ, ಮದುವೆಯಾಗದ ಇಬ್ಬರು ಹೆಣ್ಣುಮಕ್ಕಳು. ಜೊತೆಗೆ ಊರ ಹೊರಗೆ ಮಳೆಯನ್ನೇ ನಂಬಿದ ನಾಲ್ಕು ಎಕರೆ ಬೆದ್ದಲು ಹೊಲ.

ಹೊಲವನ್ನು ಯಾರಿಗಾದರೂ ಪಾಲಿಗೆ ಕೊಡಬೇಕು. ಉಳುವವನು ಉಳಲಿ, ಬೆಳೆದದ್ದರಲ್ಲಿ ಅರ್ಧ ಮನೆಗೆ ಬರಲಿ. ಕೇಳಿಕೊಂಡು ಬಂದವರು ನಾಲ್ವರು. ಮೊದಲನೆಯವನ ಎತ್ತುಗಳ ಪಕ್ಕೆಲುಬು ಎಣಿಸಬಹುದಾಗಿತ್ತು. ಎರಡನೆಯವನ ಎತ್ತುಗಳು ಚೆನ್ನಾಗಿದ್ದವು, ಆದರೆ ಅವನು ಹೊಗೆಸೊಪ್ಪು ಜಗಿದು ಜಗಲಿಯ ಅಂಚಿಗೇ ಉಗಿದ. ಮೂರನೆಯವನಲ್ಲಿ ಏನೂ ದೋಷ ಕಾಣಲಿಲ್ಲ. ದೋಷ ಕಾಣಲಿಲ್ಲವೆಂಬುದೇ ಅವಳಿಗೆ ಅನುಮಾನವಾಗಿ, ಒಂದು ತಿಂಗಳು ವಿಚಾರಿಸಿದಳು. ನಾಲ್ಕನೆಯವನು ಅದೇ ಓಣಿಯ ಕರಿಯಣ್ಣ. ಕೆಲಸಗಾರ, ನಂಬಬಹುದಾದವನು. ಆದರೆ ಅವನ ಎಡಕಿವಿ ಚಿಕ್ಕಂದಿನಿಂದ ಸೋರುತ್ತಿತ್ತು. ಅದಕ್ಕೆ ತುರುಕಿದ ಹತ್ತಿ ಹಳದಿಯಾಗಿ, ನೊಣ ಅದನ್ನು ಹುಡುಕಿಕೊಂಡು ಬರುತ್ತಿತ್ತು. ಅವನು ಮಾತಾಡುವಾಗ ಹಾಲಮ್ಮ ಅವನ ಬಲಗಡೆಗೇ ನಿಲ್ಲುವಳು. ಅವನು ಬಿತ್ತಿದ ರಾಗಿಯ ಮುದ್ದೆ ಗಂಟಲಲ್ಲಿ ಇಳಿದೀತೇ ಎಂದು ಯೋಚಿಸುವಳು. ಹೀಗೆ ಅಳೆದು ಸುರಿದು ನೋಡುವಷ್ಟರಲ್ಲಿ ಆರಿದ್ರೆ ಹೋಯಿತು, ಪುನರ್ವಸು ಹೋಯಿತು, ಬಿತ್ತುವ ಕಾಲವೇ ಹೋಯಿತು. ಹೊಲದ ತುಂಬ ಎದೆಯುದ್ದ ಕಳೆ ಬೆಳೆಯಿತು.

"ಪಾಲಿಗೆ ಯಾರು ಸಿಕ್ಕಿದ್ರೇ?" ಎಂದು ಅತ್ತೆ ಲಿಂಗಮ್ಮ ಕೇಳಿದಳು.

"ಯಾರೂ ಸರಿಹೋಗಲಿಲ್ಲ ಅತ್ತೆಮ್ಮ."

"ಸರಿ. ಹಂದಿಗಳಿಗೆ ಸರಿಹೋಗೈತೆ. ದಿನಾ ಬಂದು ಉತ್ತು ಹೋಗ್ತಾವಂತೆ!"

ಹಾಲಮ್ಮನಿಗೆ ತನ್ನ ಮೇಲೆ ತನಗೇ ಹೇಸಿಗೆಯಾದದ್ದು ಅದೇ ಮೊದಲು. ಆದರೂ ಧೈರ್ಯಕ್ಕೆ ಒಂದು ಆಸರೆಯಿತ್ತು. ಅದು ಮನೆಯ ಮುಂದಿನ ಹಗೇವು.

ಹಗೇವೆಂದರೆ ನೆಲದೊಳಗಿನ ಕಣಜ. ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣ ಬಾಯಿ, ಕೆಳಗೆ ಗುಡಾಣದಂಥ ಹೊಟ್ಟೆ. ಒಳಗೋಡೆಗೆ ಮಣ್ಣು ಮೆತ್ತಿ, ಹುಲ್ಲು ಹೊದಿಸಿ, ರಾಗಿ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಅದರ ಸುತ್ತ ಕೆಸರು ಮೆತ್ತಿ, ಮೇಲೆ ಮಣ್ಣು ಏರಿಸಿದರೆ ಗಾಳಿ ಆಡದೆ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಕಲ್ಲಪ್ಪ ಸಾಯುವ ಮುಂಚಿನ ಸುಗ್ಗಿಯಲ್ಲಿ ಅದಕ್ಕೆ ಆರು ಖಂಡುಗ ತುಂಬಿಸಿದ್ದ. ಆದರೆ ಹಗೇವಿಗೆ ಒಂದು ಕಟ್ಟುಪಾಡುಂಟು. ಒಮ್ಮೆ ಬಾಯಿ ತೆರೆದರೆ ಪೂರ್ತಿ ಬರಿದು ಮಾಡಲೇಬೇಕು. ಬೇಕಾದಷ್ಟು ತೆಗೆದುಕೊಂಡು ಮತ್ತೆ ಮುಚ್ಚುತ್ತೇನೆಂದರೆ, ಒಳಗೆ ಹೊಕ್ಕ ಗಾಳಿ ಉಳಿದದ್ದನ್ನೆಲ್ಲ ಮುಗ್ಗಿಸಿಬಿಡುತ್ತದೆ.

ಹಾಲಮ್ಮನಂಥವಳಿಗೆ ಇದಕ್ಕಿಂತ ಕಷ್ಟದ ಕಟ್ಟುಪಾಡು ಬೇರೆ ಇರಲಾರದು. ಮನೆಯೊಳಗಿನ ಮಣ್ಣಿನ ಕಣಜವಾದ ವಾಡೆಯ ರಾಗಿ ಮುಂದಿನ ವರ್ಷದ ಬೇಸಗೆಗೆ ತಳ ಕಂಡಿತು. ಹಗೇವು ತೆಗೆಸಬೇಕು. ತೆಗೆಸಿದರೆ ಆರು ಖಂಡುಗವನ್ನು ಒಂದೇ ದಿನ ಎಲ್ಲಿಡುವುದು? ವಾಡೆಗೆ ಹೊಸದಾಗಿ ಮಣ್ಣು ಮೆತ್ತಬೇಕು. ಮೆತ್ತಿದಳು, ಬಿರುಕು ಕಂಡಿತೆಂದು ಕಿತ್ತು ಮತ್ತೆ ಮೆತ್ತಿದಳು. ಉಳಿದದ್ದಕ್ಕೆ ಗೋಣಿಚೀಲ ಬೇಕು. ಚೀಲ ಹೊಸದಾಗಿರಬೇಕು. ದಿನ ಒಳ್ಳೆಯದಾಗಿರಬೇಕು, ಆಕಾಶ ತಿಳಿಯಾಗಿರಬೇಕು, ಮನೆ ಸಾರಿಸಿ ಒಣಗಿರಬೇಕು. ಇವೆಲ್ಲ ಒಂದೇ ದಿನ ಕೂಡಿಬರಬೇಕು. ಜೋಯಿಸರು ಹೇಳಿದ ದಿನ ಮೋಡ ಕವಿಯಿತು. ಮೋಡವಿಲ್ಲದ ದಿನ ದೊಡ್ಡ ಮಗಳು ಮುಟ್ಟಾದಳು. ವೈಶಾಖ ಕಳೆಯಿತು, ಜ್ಯೇಷ್ಠವೂ ಅರ್ಧ ಕಳೆಯಿತು, ಮಳೆ ಹಿಡಿಯಿತು.

ಮಳೆ ಹಿಡಿದ ಒಂದು ವಾರಕ್ಕೆ ವಾಸನೆ ಶುರುವಾಯಿತು.

ಮೊದಲು ಹುಳಿಹಿಟ್ಟಿನಂತೆ ಇತ್ತು. ಹಾಲಮ್ಮ ಹಿತ್ತಲಿಗೆ ಹೋಗಿ ಬಚ್ಚಲು ತೊಳೆದಳು. ಮರುದಿನ ಬಾಣಂತಿಕೋಣೆಯ ಮುಗ್ಗಿನಂತಾಯಿತು. ಅವಳು ಅಡುಗೆಮನೆಯ ಮೂಲೆ ಮೂಲೆ ತೊಳೆದಳು. ಮೂರನೆಯ ದಿನ ಸತ್ತ ಇಲಿಯನ್ನು ಹುಳಿಮಜ್ಜಿಗೆಯಲ್ಲಿ ನೆನೆಹಾಕಿದಂಥ ನಾತ ಜಗಲಿಯನ್ನೇರಿ ಮನೆಯೊಳಗೆ ಬಂದಿತು.

"ಏ ಹಾಲಿ, ಏನನ್ನ ತೊಳೀತಿದೀಯೇ ಮೂರು ದಿನದಿಂದ?" ಎಂದಳು ಲಿಂಗಮ್ಮ. "ವಾಸನೆ ಒಳಗಿಂದಲ್ಲ, ಅಂಗಳದಿಂದ ಬರ್ತೈತೆ. ನಿಂಗೂ ಗೊತ್ತು, ನಂಗೂ ಗೊತ್ತು."

ಹಾಲಮ್ಮನಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಬಚ್ಚಲು ತೊಳೆಯುತ್ತಿದ್ದಳು.

ಕರಿಯಣ್ಣನನ್ನು ಕರೆಸಿದರು. ಹಗೇವಿಗೆ ಇಳಿಯುವುದರಲ್ಲಿ ಆ ಓಣಿಯಲ್ಲೆಲ್ಲ ಅವನೇ ಕೈಪಳಗಿದವನು. ಅವನು ಮೇಲಿನ ಮಣ್ಣನ್ನು ಕೆರೆದು ನೋಡಿದ. ಚಪ್ಪಡಿಯ ಸುತ್ತ ಮೆತ್ತಿದ್ದ ಕೆಸರು ಒಂದು ಬದಿಗೆ ಬಾಯಿ ಬಿಟ್ಟಿತ್ತು. ಆ ಸಂದಿಯಿಂದ ಒಂದು ಬಿದಿರು ಗಳುವನ್ನು ಇಳಿಬಿಟ್ಟು ತಿರುವಿ ಎಳೆದ. ಅದರ ತುದಿಗೆ ಕರಿಬೆಲ್ಲದಂಥ ಮುದ್ದೆಯೊಂದು ಅಂಟಿಕೊಂಡು ಬಂದಿತು. ಅದು ರಾಗಿ. ಅದರಲ್ಲಿ ಬಿಳಿಯ ಹುಳುಗಳು ಮಿಸುಕಾಡುತ್ತಿದ್ದವು.

"ನೀರು ಇಳಿದೈತೆ ಹಾಲಕ್ಕ. ಒಂದು ಮಗ್ಗುಲು ಹೋಗಿರ್ತದೆ. ಕಲ್ಲನ್ನ ಇವತ್ತೇ ಸರಿಸ್ತೀನಿ, ನಾಳೆ ಇಳಿದುಬಿಡ್ತೀನಿ."

"ಚೀಲ ಇಲ್ಲವಲ್ಲೋ."

"ಚೀಲ ಇಲ್ಲದಿದ್ರೆ ನೆಲದ ಮೇಲೆ ಸುರಿಯಾಣ."

"ಈ ಹೇಸಿಗೇನ ನನ್ನ ಮನೆ ನೆಲದ ಮೇಲಾ!" ಎಂದು ಹಾಲಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಎರಡು ದಿನ ತಡಿ. ಶಿವಮೊಗ್ಗಕ್ಕೆ ಹೋಗಿ ಅಣ್ಣನ್ನ ಕೇಳಿಕೊಂಡು, ಚೀಲಾನೂ ತಂದುಬಿಡ್ತೀನಿ."

ಕರಿಯಣ್ಣ ಸಂದಿಗೆ ಹಸಿಮಣ್ಣು ಮೆತ್ತಿ ಎದ್ದುಹೋದ. ಹಾಲಮ್ಮ ಆ ಕೊಳೆತ ಮುದ್ದೆಯಲ್ಲಿ ಒಂದು ಹಿಡಿಯಷ್ಟನ್ನು ಕಡ್ಡಿಯಿಂದ ಬಾಳೆಲೆಗೆ ಎತ್ತಿ, ಎರಡು ಸುತ್ತು ಸುತ್ತಿ, ಬಟ್ಟೆಯಲ್ಲಿ ಗಂಟುಕಟ್ಟಿದಳು. ಎಷ್ಟರಮಟ್ಟಿಗೆ ಕೆಟ್ಟಿದೆಯೆಂದು ತಿಳಿದವರು ಕಣ್ಣಾರೆ ನೋಡಿ ಹೇಳಲಿ ಎಂಬುದು ಅವಳ ಲೆಕ್ಕಾಚಾರ. ಗಂಟನ್ನು ಮಡಿಲಿಗೆ ಸಿಕ್ಕಿಸಿಕೊಂಡು ಮರುದಿನ ಬೆಳಗಿನ ರೈಲು ಹತ್ತಿದಳು.

ಅಣ್ಣ ಬೀರಪ್ಪ ಶಿವಮೊಗ್ಗದ ಒಂದು ಅಕ್ಕಿ ಗಿರಣಿಯಲ್ಲಿ ಮೂಟೆಯಾಳುಗಳ ಮೇಸ್ತ್ರಿ. ಮಧ್ಯಾಹ್ನದ ಊಟಕ್ಕೆ ಕುಳಿತಿದ್ದವನ ಮುಂದೆ ಅವಳು ಗಂಟು ಬಿಚ್ಚಿದಳು.

"ಥೂ! ಥೂ! ಎತ್ತೇ ಅತ್ಲಾಗೆ!" ಎಂದು ಅವನು ತಟ್ಟೆಯನ್ನು ಹಿಂದಕ್ಕೆ ಸರಿಸಿದ. "ಇದನ್ನೇನು ನೋಡೋದು? ಕೊಳೆತೈತೆ. ಹೊರಗೆ ಬಿಸಾಕು."

"ಎಷ್ಟು ಕೊಳೆತೈತೆ ಅಂತ ಕೇಳಿದ್ದು ಅಣ್ಣ. ಉಳಿದದ್ದು ಹೆಂಗಿರಬಹುದು?"

"ಅದನ್ನ ಹಗೇವು ತೆಗೆದು ನೋಡಬೇಕು. ನನ್ನ ಹೊಟ್ಟೆ ಸೀಳಿ ನೋಡಿದ್ರೆ ಗೊತ್ತಾಗ್ತದಾ?"

ಅವನು ಅರ್ಧ ಊಟಕ್ಕೇ ಕೈ ತೊಳೆದ. ಹಾಲಮ್ಮ ಗಂಟನ್ನು ಬಿಸಾಡಲಿಲ್ಲ, ಮತ್ತೆ ಕಟ್ಟಿ ಮಡಿಲಿಗೆ ಸೇರಿಸಿದಳು. ಪೇಟೆಯಲ್ಲಿ ಕಾಳಿನ ವ್ಯಾಪಾರಿಗಳಿಗೂ ಒಮ್ಮೆ ತೋರಿಸೋಣವೆಂಬ ಯೋಚನೆ ಇತ್ತು. ಒಬ್ಬರ ಮಾತನ್ನು ನಂಬಿ ಕೆಟ್ಟವರಿದ್ದಾರಲ್ಲವೇ?

ದೊಡ್ಡಪೇಟೆಯಲ್ಲಿ ಗೋಣಿಚೀಲ ಮಾರುವ ಸಾಬರೊಬ್ಬರ ಅಂಗಡಿಗೆ ಬೀರಪ್ಪ ಅವಳನ್ನು ಕರೆದೊಯ್ದ. ಸಾಬರು ವಯಸ್ಸಾದವರು, ತಾಳ್ಮೆಯವರು. ಮೊದಲನೆಯ ಕಟ್ಟು ಬಿಚ್ಚಿಸಿದರು. ಹಾಲಮ್ಮ ಬಗ್ಗಿ ಮೂಸಿದಳು, ಮುಖ ಸಿಂಡರಿಸಿದಳು.

"ನಾತ ಬರ್ತೈತೆ."

"ಇದು ಗೋಧಿ ತುಂಬಿದ್ದ ಚೀಲ ಅಮ್ಮ. ನಾತ ಎಲ್ಲಿಂದ?"

ಎರಡನೆಯ ಕಟ್ಟು ಬಿಚ್ಚಿದರು. ಅದೂ ನಾತ. ಸಾಬರು ಅಟ್ಟದಿಂದ ಹೊಸ ಚೀಲವನ್ನೇ ಇಳಿಸಿದರು, ಸೆಣಬಿನ ಎಣ್ಣೆಯ ವಾಸನೆ ಇನ್ನೂ ಆರದಂಥವು. ಹಾಲಮ್ಮ ಒಂದೊಂದನ್ನೂ ಎತ್ತಿ, ಒಳಗೆ ಮುಖವಿಟ್ಟು, ಉಸಿರೆಳೆದು ಕೆಳಗಿಟ್ಟಳು. ನಲವತ್ತು ಚೀಲ ನೋಡಿದಳು. ನಲವತ್ತರಲ್ಲೂ ಅದೇ ಕೊಳಕು ನಾತ. ಹೊರಗೆ ಮಳೆ ಹನಿಯುತ್ತಿತ್ತು. ಬೀರಪ್ಪ ಅಂಗಡಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದ.

ಸಾಬರು ತಾವೂ ಒಮ್ಮೆ ಮೂಸಿ ನೋಡಿ ಹುಬ್ಬು ಗಂಟಿಕ್ಕಿದರು. "ವಾಸನೆ ಐತೆ, ಸಹಿ ಮಾತು. ಮಗರ್ ಚೀಲದ್ದಲ್ಲಮ್ಮ ಅದು."

"ಮತ್ತೆ ಯಾರದು, ನನ್ನದಾ?" ಎಂದು ಹಾಲಮ್ಮ ಸಿಡುಕಿದಳು. "ಬ್ಯಾಡ ಬಿಡಿ. ಮುಂದಿನ ವಾರ ಹೊಸ ಮಾಲು ಬರ್ತದಲ್ಲ, ಆಗ ಬರ್ತೀನಿ."

ದಾರಿಯಲ್ಲಿ ಬೀರಪ್ಪ ಸ್ಟೇಷನ್ನು ಕಂಡಾಗ ನಿಂತು ಹೇಳಿದ: "ನೋಡು ತಂಗಿ, ಮುಂದಿನ ವಾರಕ್ಕೆ ಚೀಲ ಇರ್ತದೆ. ರಾಗಿ ಇರ್ತದಾ? ಬಾವ ಇದ್ದಾಗ ಅವನ ಮೇಲೆ ಹೇಸಿಕೊಂಡೆ. ಈಗ ಚೀಲದ ಮೇಲೆ ಹೇಸ್ಕೊತೀಯ. ನಂಗೆ ಸಾಕಾಯ್ತು ಮಾರಾಯ್ತಿ. ನಿನ್ನ ಮನೆಗೆ ಬಂದ್ರೆ ನಾ ಕೂತ ಜಾಗ ಸಾರಿಸ್ತೀಯ ಅಂತ ಗೊತ್ತಿದ್ದೂ ಬರ್ತಿದ್ದೆ. ಇನ್ನು ಬರೋದಿಲ್ಲ."

ಅವನು ತಿರುಗಿ ನೋಡದೆ ಹೋದ. ಹಾಲಮ್ಮನ ಮನಸ್ಸಿನೊಳಗೆ ಮಾತ್ರ, 'ನಾತ ಬರುವ ಚೀಲವನ್ನು ಹೇಗೆ ಕೊಳ್ಳುವುದು? ನಾನು ಹೇಳಿದ್ದರಲ್ಲಿ ತಪ್ಪೇನು?' ಎಂಬ ಮಾತು ಗಾಣದೆತ್ತಿನಂತೆ ಸುತ್ತುತ್ತಲೇ ಇತ್ತು.

ಗಾಡಿಯಲ್ಲಿ ಜನ ಕಿಕ್ಕಿರಿದಿದ್ದರು. ಮಳೆಗೆ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಪಕ್ಕದಲ್ಲಿ ಒಬ್ಬ ಹೆಂಗಸು ಐದಾರು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಗಾಡಿ ಹೊರಟು ಸ್ವಲ್ಪ ಹೊತ್ತಿಗೆ ಆ ಮಗು ಮೂಗು ಹಿಡಿದುಕೊಂಡು ಹಾಲಮ್ಮನನ್ನೇ ನೋಡತೊಡಗಿತು.

"ಅವ್ವ, ಈ ಅಮ್ಮ ನಾರ್ತಾಳೆ."

"ಶ್! ಹಂಗನ್ನಬಾರದು," ಎಂದಳು ತಾಯಿ. ಆದರೆ ಅವಳೂ ಸೆರಗನ್ನು ಮೂಗಿಗೆ ಒತ್ತಿಕೊಂಡು ಮೆಲ್ಲನೆ ಆಚೆಗೆ ಸರಿದಳು. ಎದುರಿನ ಬೆಂಚಿನ ಮುದುಕ ಎದ್ದು, ಮಳೆ ಬಂದರೂ ಬರಲೆಂದು ಕಿಟಕಿ ತೆರೆದ.

ಹಾಲಮ್ಮ ತಲೆ ಬಗ್ಗಿಸಿ ನೋಡಿಕೊಂಡಳು. ಮಡಿಲಿನ ಗಂಟಿನಿಂದ ಕಪ್ಪು ನೀರು ಒಸರಿ, ಸೀರೆಯನ್ನು ತೋಯಿಸಿ, ತೊಡೆಯವರೆಗೆ ಇಳಿದಿತ್ತು. ಲೋಳೆಯೊಡನೆ ಒಂದು ಹುಳು ಸೀರೆಯ ನೆರಿಗೆಯ ಮೇಲೆ ತೆವಳುತ್ತಿತ್ತು. ನಲವತ್ತು ಚೀಲಗಳ ನಾತ ಎಲ್ಲಿಯದೆಂದು ಆ ಕ್ಷಣದಲ್ಲಿ ಅವಳಿಗೆ ಹೊಳೆಯಿತು. ಬೆಳಗಿನಿಂದ ಪರವೂರಿನಲ್ಲಿ ಅಲೆದು, ಕಂಡವರ ಸಾಮಾನನ್ನೆಲ್ಲ ಮೂಸಿ, ಹೀಯಾಳಿಸಿ, ತನ್ನ ಕೊಳೆಯನ್ನು ತಾನೇ ಮಡಿಲಲ್ಲಿಟ್ಟುಕೊಂಡು ಮೆರೆದಿದ್ದಳು. ಕಿಟಕಿಗೆ ಮುಖವಿಟ್ಟು ವಾಂತಿ ಮಾಡಿಕೊಂಡಳು. ಆ ಹೆಂಗಸು ಹೇಸದೆ ಅವಳ ಬೆನ್ನು ಸವರಿ, ಚೊಂಬಿನಿಂದ ನೀರು ಕೊಟ್ಟಳು. ಅದು ಹಾಲಮ್ಮನಿಗೆ ಇನ್ನಷ್ಟು ಅಸಹ್ಯವೆನಿಸಿತು. ಅಸಹ್ಯ ಆ ನೀರಿನ ಮೇಲಲ್ಲ, ತನ್ನ ಮೇಲೆ. ಗಂಟನ್ನು ಕಿಟಕಿಯಿಂದ ಎಸೆದು ನೀರು ಕುಡಿದಳು.

ಭದ್ರಾವತಿಯಲ್ಲಿ ಇಳಿದವಳು ಸೇತುವೆ ದಾಟಿ ನೇರವಾಗಿ ಹೋದದ್ದು ಕರಿಯಣ್ಣನ ಮನೆಗೆ. ಸಂಜೆಯ ಬೆಳಕು ಇನ್ನೂ ಇತ್ತು. ಅವನ ಹೆಂಡತಿ ಬಂಗಾರಮ್ಮ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದಳು, ಅವನು ಪಕ್ಕದಲ್ಲೇ ಕುಳಿತಿದ್ದ.

"ಕಲ್ಲು ಸರಿಸೋ ಕರಿಯಣ್ಣ."

"ಚೀಲ ಸಿಕ್ತಾ?"

"ಇಲ್ಲ."

"ನಾಳೆ ಮಂಗಳವಾರ. ಮೇಲಾಗಿ ಅಮಾವಾಸ್ಯೆ. ಯೋಚನೆ ಮಾಡಿದೀಯಾ ಹಾಲಕ್ಕ?"

"ಇಲ್ಲ," ಎಂದಳು ಹಾಲಮ್ಮ. "ಯೋಚನೆ ಮಾಡೋಕೆ ಕೂತರೆ ಮತ್ತೆ ಬರೋದಿಲ್ಲ ನಾನು. ಏಳು."

ಗಂಡಹೆಂಡಿರಿಬ್ಬರೂ ಬಂದು ಹಾರೆಯಿಂದ ಚಪ್ಪಡಿ ಮೀಟಿದರು. ಒಳಗೆ ಸೆರೆಯಾಗಿದ್ದ ನಾತ ಬೆಚ್ಚನೆಯ ಉಸಿರಿನಂತೆ ಮೇಲಕ್ಕೆದ್ದು ಓಣಿಯುದ್ದಕ್ಕೂ ಇಳಿದುಹೋಯಿತು. ಮನೆಮನೆಯ ಬಾಗಿಲುಗಳು ದಡದಡನೆ ಮುಚ್ಚಿಕೊಂಡವು. "ಏನ್ರೇ ಅದು, ಹೆಣ ಇಟ್ಟುಕೊಂಡಿದ್ರಾ?" ಎಂದು ಯಾರೋ ಕೂಗಿದರು. ಲಿಂಗಮ್ಮ ಜಗಲಿಯಿಂದಲೇ, "ಹೂಂ ಕಣೋ, ನಿಮ್ಮಪ್ಪಂದು!" ಎಂದು ಉತ್ತರ ಕೊಟ್ಟಳು. ಹಗೇವಿನ ಬಾಯಿಗೆ ನೀರು ಬೀಳದಂತೆ ತೆಂಗಿನಗರಿಯ ತಟ್ಟಿಯೊಂದನ್ನು ಎತ್ತರಿಸಿ ಕಟ್ಟಿ, ಆ ದಿನಕ್ಕೆ ಕೈಬಿಟ್ಟರು.

ಬೆಳಿಗ್ಗೆ ಮಳೆ ನಿಂತು ಹೊಳವಾಗಿತ್ತು. ಕರಿಯಣ್ಣ ಬುಡ್ಡಿದೀಪವನ್ನು ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬಿಟ್ಟ. ಎರಡು ಮೊಳ ಇಳಿಯುವಷ್ಟರಲ್ಲಿ ಅದು ಯಾರೋ ಊದಿದಂತೆ ಆರಿಹೋಯಿತು. ದೀಪ ಉರಿಯದ ಕಡೆ ಮನುಷ್ಯನ ಉಸಿರೂ ನಿಲ್ಲುವುದಿಲ್ಲ. ಕಂಬಳಿಯೊಂದನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಬೀಸಿ, ಒಳಗಿನ ಗಾಳಿಯನ್ನು ಕಲಕತೊಡಗಿದರು. ಆಕಾಶದ ಪಡುವಣ ಅಂಚು ಕಪ್ಪಾಗುತ್ತಿತ್ತು. ಈಗ ಹಾಲಮ್ಮನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಇಳಿಯೋ ಮಾರಾಯ, ಮಳೆ ಬರ್ತೈತೆ!"

"ಇದಕ್ಕೆ ಕಾಯಲೇಬೇಕು ಹಾಲಕ್ಕ," ಎಂದ ಕರಿಯಣ್ಣ, ಕಂಬಳಿ ಬೀಸುವುದನ್ನು ನಿಲ್ಲಿಸದೆ. "ಇದು ನಿನ್ನ ಚೀಲ ಅಲ್ಲ. ನನ್ನ ಉಸಿರು."

ಅವಳು ತಾನೂ ಹಗ್ಗ ಹಿಡಿದಳು. ಮೂರನೆಯ ಸಲಕ್ಕೆ ದೀಪ ನಿಂತಿತು. ಕರಿಯಣ್ಣ ಸೊಂಟಕ್ಕೆ ಹಗ್ಗ ಬಿಗಿದು, ಕಿವಿಗೆ ಹೊಸ ಹತ್ತಿ ತುರುಕಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಇಳಿದ. ಮೇಲೆ ಮಂಕರಿ ಎಳೆಯುವುದು ಬಂಗಾರಮ್ಮನ ಕೆಲಸ. ಬಂದ ಮಂಕರಿಯನ್ನು ನೋಡಿ ಯಾವುದು ಮನೆಗೆ, ಯಾವುದು ತಿಪ್ಪೆಗೆ ಎಂದು ಹೇಳುವುದು ಹಾಲಮ್ಮನದು. ಒಯ್ದು ಸುರಿಯುವುದು ಹೆಣ್ಣುಮಕ್ಕಳದು.

ಮೊದಲ ಮಂಕರಿ ಬಂದಿತು. ಕಪ್ಪು ಹೆಂಟೆ, ಲೋಳೆ, ನಡುವೆ ಅಲ್ಲಲ್ಲಿ ಕೆಂಪು ಕಾಳು. ಹಾಲಮ್ಮ ಕುಕ್ಕರಗಾಲಲ್ಲಿ ಕುಳಿತು ಕಡ್ಡಿಯಿಂದ ಕೆಂಪು ಕಾಳುಗಳನ್ನು ಬೇರೆ ಮಾಡತೊಡಗಿದಳು. ಎರಡನೆಯದು ಬಂತು, ಮೂರನೆಯದು ಬಂತು. ಅವಳು ಇನ್ನೂ ಮೊದಲನೆಯದರಲ್ಲೇ ಇದ್ದಳು. ಖಾಲಿ ಮಂಕರಿ ಇಳಿಯದ ಕಾರಣ ಒಳಗಿನಿಂದ ಕರಿಯಣ್ಣನ ಕೂಗು ಗವಿಯೊಳಗಿನಿಂದ ಬಂದಂತೆ ಕೇಳಿಸಿತು.

"ಮೇಲೇನು ನಿದ್ದೆ ಮಾಡ್ತೀರಾ? ಇಲ್ಲಿ ನನ್ನ ಮೈಮೇಲೆ ಹುಳ ಹತ್ತುತಾವೆ!"

"ಹಾಲಕ್ಕ, ಬೇಗ ಹೇಳಿ, ಇಡೋಕೆ ಜಾಗ ಇಲ್ಲ," ಎಂದಳು ಬಂಗಾರಮ್ಮ.

"ಒಳ್ಳೇದೂ ಕೆಟ್ಟದೂ ಸೇರಿಕೊಂಡೈತೆ, ಹೆಂಗೆ ಹೇಳಲಿ?"

ಜಗಲಿಯಲ್ಲಿದ್ದ ಲಿಂಗಮ್ಮ ಕೋಲು ಕುಟ್ಟಿದಳು. "ಕಡ್ಡೀಲಿ ಕೆದಕಿದ್ರೆ ಏನು ತಿಳೀತದೆ? ಕೈ ಹಾಕೇ! ಬಿಸಿ ಇರೋದು ಕೊಳೀತಿರೋದು. ತಣ್ಣಗಿರೋದು ಬದುಕಿರೋದು. ಕಾಳೇ ಹೇಳ್ತದೆ, ನೀ ಸುಮ್ಮನೆ ಕೇಳು."

ಹಾಲಮ್ಮ ತನ್ನ ಕೈಯನ್ನು ನೋಡಿಕೊಂಡಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಕಣ್ಣು ಮುಚ್ಚಿ ಮೊಣಕೈವರೆಗೆ ಆ ಮಂಕರಿಯೊಳಗೆ ಕೈ ತೂರಿಸಿದಳು. ಹೊಸದಾಗಿ ಹಾಕಿದ ಸೆಗಣಿಯಂತೆ ಬಿಸಿ, ಬೆರಳ ಸಂದಿಯಲ್ಲಿ ಹುಳುಗಳ ಓಡಾಟ.

"ತಿಪ್ಪೆಗೆ," ಎಂದಳು.

ಎರಡನೆಯದಕ್ಕೆ ಕೈ ಹಾಕಿದಳು. "ತಿಪ್ಪೆಗೆ." ಮೂರನೆಯದು, ನಾಲ್ಕನೆಯದು, ಎಲ್ಲ ತಿಪ್ಪೆಗೆ. ಆರು ಖಂಡುಗವೂ ಹೀಗೇ ಹೋಯಿತೇ? ಮನೆಯಲ್ಲಿ ಉಳಿದ ಹಿಟ್ಟು ಮೂರು ದಿನದ್ದು. ಹನ್ನೊಂದನೆಯ ಮಂಕರಿಯಲ್ಲಿ ಮೇಲೆ ಬೆಚ್ಚಗೆ, ಒಳಗೆ ತಣ್ಣಗೆ ತಗುಲಿತು. ಅವಳ ಕೈ ಅಲ್ಲೇ ನಿಂತಿತು. ಇದನ್ನು ಇಟ್ಟುಕೊಂಡರೆ ಉಳಿದದ್ದಕ್ಕೂ ಹುಳು ಹತ್ತಬಹುದು, ಎಸೆದರೆ ನಾಲ್ಕು ದಿನದ ಊಟ ಎಸೆದಂತೆ. ಯೋಚನೆ ಹೆಡೆಯೆತ್ತುವುದನ್ನು ಅವಳು ಸ್ಪಷ್ಟವಾಗಿ ಕಂಡಳು. ಕಂಡದ್ದರಿಂದಲೇ ಅದಕ್ಕೆ ಮುಂಚೆ ಬಾಯಿ ತೆರೆದಳು.

"ಮನೆಗೆ!"

"ಎಲ್ಲಿ ಸುರೀಲವ್ವ?" ಎಂದಳು ದೊಡ್ಡ ಮಗಳು.

"ಪಡಸಾಲೆ ನೆಲದ ಮೇಲೆ. ಸುರಿ!"

ಆಮೇಲೆ ಬಂದದ್ದು ತಣ್ಣಗಿನ ರಾಗಿ. ಬದಿಯಲ್ಲಿ ಕೊಳೆತದ್ದು ಹೆಪ್ಪುಗಟ್ಟಿ ಗೋಡೆಯಾಗಿ ನಿಂತು, ನಡುವಿನದನ್ನು ತಕ್ಕಮಟ್ಟಿಗೆ ಕಾಪಾಡಿತ್ತು. ಮಂಕರಿ ಮೇಲೆ ಬರುವುದು, ಕೈ ಇಳಿಯುವುದು, ಮಾತು ಬೀಳುವುದು. ಮನೆಗೆ. ಮನೆಗೆ. ತಿಪ್ಪೆಗೆ. ಮನೆಗೆ. ಕೆಲವು ಸಲ ತಪ್ಪಿತು. ತಿಪ್ಪೆಗೆ ಹೋದ ಒಂದು ಮಂಕರಿಯಲ್ಲಿ ಒಳ್ಳೆಯ ಕಾಳಿದ್ದುದು ಕಣ್ಣಿಗೇ ಬಿತ್ತು. ತಿರುಗಿ ತರಿಸಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮುಂದಿನದು ಬಂದಿತ್ತು, ಬಿಟ್ಟಳು. ಪಡಸಾಲೆ ತುಂಬಿತು. ಅಡುಗೆಮನೆ ಅರ್ಧ ತುಂಬಿತು. ಕಲ್ಲಪ್ಪನ ಮಂಚದ ಮೇಲೆ ಸೀರೆ ಹಾಸಿ ಸುರಿದರು. ಇಳಿಹೊತ್ತಿಗೆ ದಪ್ಪ ಹನಿಗಳು ಬೀಳತೊಡಗಿದಾಗ ಕರಿಯಣ್ಣನನ್ನು ಮೇಲಕ್ಕೆಳೆದರು. ತಳದಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು.

"ಇನ್ನೊಂದು ಸಲ ಇಳೀಲಾ?" ಎಂದು ಅವನು ಏದುಸಿರಿನಲ್ಲಿ ಕೇಳಿದ. ತಲೆಯಿಂದ ಪಾದದವರೆಗೆ ಕರಿಯ ಲೋಳೆ, ಕಿವಿಯಿಂದ ಕೀವು ಇಳಿದು ಕುತ್ತಿಗೆಯ ಲೋಳೆಯೊಂದಿಗೆ ಬೆರೆತಿತ್ತು.

"ಬ್ಯಾಡ. ಸಾಕು. ಅದು ಭೂಮಿಗೆ ಹೋಗಲಿ."

ಅವನು ಜಗಲಿಯ ಮೇಲೆ ಹಾಗೇ ಕುಸಿದು ಕುಳಿತ. ಹಾಲಮ್ಮನೂ ಅಷ್ಟು ದೂರದಲ್ಲಿ, ಅವನ ಎಡಗಡೆಗೇ ಕುಳಿತಳು. ಅವನ ಕಿವಿಯನ್ನು ನೋಡಿ ಅವಳಿಗೆ ವಾಕರಿಕೆ ಬಂದಿತು. ಅದು ನಿಲ್ಲುವವರೆಗೆ ಕಾದು, "ಹೊಲ ಈ ಸಲ ನೀನೇ ಮಾಡು," ಎಂದಳು.

"ಯೋಚನೆ ಮಾಡಿ ಹೇಳು ಹಾಲಕ್ಕ, ಅವಸರ ಇಲ್ಲ."

"ನಿಂಗೆ ಅವಸರ ಇಲ್ಲದಿದ್ರೆ ಮಳೆಗೈತೆ. ನಾಳೆ ಕಳೆ ಕೀಳಿಸೋಕೆ ಶುರುಮಾಡು. ಕಿವಿಗೆ ಮೊದಲು ಆಸ್ಪತ್ರೇಲಿ ಔಷಧಿ ಹಾಕಿಸ್ಕೋ, ನೋಡೋಕಾಗಲ್ಲ."

ಬಂಗಾರಮ್ಮ ಕಿಸಕ್ಕನೆ ನಕ್ಕಳು. ಕರಿಯಣ್ಣ ಪುನರ್ವಸು ಮಳೆಯಲ್ಲಿ ಬಿತ್ತಿದ. ಸಾಲು ಅಷ್ಟೇನೂ ನೆಟ್ಟಗಿರಲಿಲ್ಲ. ಬದುವಿನ ಮೇಲೆ ನಿಂತು ನೋಡಿದ ಹಾಲಮ್ಮನ ನಾಲಿಗೆಯ ತುದಿಗೆ ಮಾತು ಬಂದಿತ್ತು, ನುಂಗಿಕೊಂಡಳು. ಅದಕ್ಕೂ ಮೊದಲು ಒಂದು ದಿನ ಶಿವಮೊಗ್ಗಕ್ಕೆ ಹೋಗಿ, ಸಾಬರ ಅಂಗಡಿಯಲ್ಲಿ ಒಂದು ಕಟ್ಟು ಚೀಲವನ್ನು ಮೂಸದೆ ಕೊಂಡು, ಅಣ್ಣನ ಬಾಗಿಲಲ್ಲಿ ನಿಂತು ಕರೆದಿದ್ದಳು. ಬೀರಪ್ಪ ಚೀಲದ ಕಟ್ಟನ್ನು ತಾನೇ ಹೊತ್ತು ಅವಳೊಡನೆ ಬಂದ.

ಉಳಿದ ರಾಗಿ ಅರ್ಧಕ್ಕಿಂತ ಕಡಿಮೆ. ಬಿಸಿಲು ಕಂಡಾಗಲೆಲ್ಲ ಹರವಿ, ತೂರಿ, ತೊಳೆದು, ಬೀಸಿದರೂ ಅದರ ಮುಗ್ಗು ಹೋಗಲಿಲ್ಲ. ಮನೆಯ ಗೋಡೆ, ಹಾಸಿಗೆ, ಹೆಣ್ಣುಮಕ್ಕಳ ತಲೆಗೂದಲು ಎಲ್ಲಕ್ಕೂ ಆ ವಾಸನೆ ಅಂಟಿಕೊಂಡಿತ್ತು. ಮೊದಲ ದಿನ ಮುದ್ದೆಯ ಮುಂದೆ ಕುಳಿತ ಹಾಲಮ್ಮ ಎರಡು ತುತ್ತು ನುಂಗಿ, ಮೂರನೆಯದಕ್ಕೆ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. ಬಂದು ಮತ್ತೆ ಕುಳಿತಳು. "ಹೆಂಗೈತೆ?" ಎಂದಳು ಅತ್ತೆ. "ಅಸಹ್ಯ," ಎಂದು ಹೇಳಿ ಹಾಲಮ್ಮ ಇನ್ನೊಂದು ತುತ್ತು ಮುರಿದಳು. ಎಂದೂ ಅವಳಿಗೆ ಅದು ರುಚಿಸಲಿಲ್ಲ. ಆದರೆ ಮನೆಯಲ್ಲಿ ಯಾರೂ ಹಸಿದು ಮಲಗಲಿಲ್ಲ.

ಮಾರ್ಗಶಿರದಲ್ಲಿ, ಹೊಸ ರಾಗಿ ಕಣಕ್ಕೆ ಬರಲು ಇನ್ನೂ ಹನ್ನೆರಡು ದಿನ ಇರುವಾಗ ಹಳೆಯದು ಮುಗಿಯಿತು. ಮೊದಲಿನ ಹಾಲಮ್ಮನಾಗಿದ್ದರೆ ಆ ಹನ್ನೆರಡು ದಿನಕ್ಕೆ ಯಾವ ಕಾಳು, ಯಾರ ಹತ್ತಿರ, ಎಷ್ಟು ಎಂದು ಹತ್ತು ದಿನ ಯೋಚಿಸುತ್ತಿದ್ದಳೋ ಏನೋ. ಅಂದು ಓಣಿಯಲ್ಲಿ ಗೆಣಸಿನ ಗಾಡಿ ಬಂದಿತ್ತು. ಅವಳು ಇಳಿದು ಹೋಗಿ, ಮೇಲಿನ ಮಂಕರಿಯನ್ನೇ ಸುರಿಸಿಕೊಂಡು ಬಂದಳು. ತೊಳೆಯುವಾಗ ನೋಡಿದರೆ ಅರ್ಧಕ್ಕೆ ಹುಳುಕು, ಮೂಗಿಗೆ ರಾಚುವ ಕಹಿ ವಾಸನೆ.

"ಥೂ!" ಎಂದಳು ಹಾಲಮ್ಮ. ಹುಳುಕನ್ನು ಕೆತ್ತಿ ಬಿಸಾಡಿ, ಉಳಿದದ್ದನ್ನು ಬೇಯಲು ಒಲೆಗೇರಿಸಿದಳು.